ಗ್ಲಿಸರಿನ್ ಸೀಸೆಯ ಚೀಟಿ

ಮನೆಯಲ್ಲೇ ಕೇಕು ಮಾಡಿ ಮಾರುವ ಜಲಜವ್ವನಿಗೆ ಒಬ್ಬನೇ ಮಗ, ಸಿಂಗಣ್ಣ. ಇನ್ನೊಬ್ಬ ಹುಟ್ಟದಿದ್ದದ್ದೇ ಒಳ್ಳೇದಾಯ್ತು ಅಂತ ಅವಳಿಗೆ ದಿನಕ್ಕೆ ಮೂರು ಸಲ ಅನ್ನಿಸುತ್ತಿತ್ತು. ವಯಸ್ಸು ಮೂವತ್ತು ದಾಟಿದರೂ ಅವ್ವ ಹೇಳಿದ ಮಾತು ಮೀರಿದವನಲ್ಲ. ಅವಳ ಭಯವೇ ಅದು.

"ಇದು ಗ್ಲಿಸರಿನ್ ಕಣೋ. ಒಂದು ಚಮಚ ಹಾಕಿದ್ರೆ ಒಣಗಲ್ಲ, ಮೆತ್ತಗಿರುತ್ತೆ," ಅಂದಳು ಒಂದು ದಿನ, ಕೇಕಿನ ಹಿಟ್ಟು ಕಲಸುತ್ತಾ. ಸಿಂಗಣ್ಣ ಹೋಗಿ ಡಬ್ಬದಲ್ಲಿದ್ದ ರಸ್ಕಿಗೆಲ್ಲ ಒಂದೊಂದು ಚಮಚ ಹಾಕಿದ. ರಸ್ಕು ನೆನೆದ ಬಟ್ಟೆಯಂತಾಯಿತು.

"ಒಣಗಿರಬೇಕಾದ್ದಕ್ಕೆ ಹಾಕ್ತಾರೇನೋ ಮಂಕೇ? ಹಸಿಯಾಗಿರಬೇಕಾದ್ದಕ್ಕೆ ಹಾಕ್ಬೇಕು."

"ಸರಿ, ಅವ್ವ."

ಮಾರನೇ ದಿನ, ಹಸಿಯಾಗಿರಲಿ ಅಂತ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ವೀಳ್ಯದೆಲೆಯ ಮೇಲೆ ಸೀಸೆಯನ್ನೇ ಬಗ್ಗಿಸಿದ.

"ಪೂರ್ತಿ ಖಾಲಿ ಮಾಡಿದ್ಯಲ್ಲೋ! ಪಕ್ಕದ್ಮನೆ ಮಗು ಹುಟ್ಟುಹಬ್ಬದ ಕೇಕು ಸಂಜೆಗೆ ಕೊಡ್ಬೇಕು. ಹೋಗು, ಇನ್ನೊಂದು ಸೀಸೆ ತಾ." ಆಮೇಲೆ ದನಿ ತಗ್ಗಿಸಿದಳು. "ಕೇಳಿಲ್ಲಿ. ತಿನ್ನೋ ಗ್ಲಿಸರಿನ್ನಿಂದ ಏನೂ ಆಗಲ್ಲ. ಆದ್ರೆ ನೋಡೋಕೆ ಹಾಗೇ ಇರೋ ಬೇರೆ ದ್ರವ ಪೇಂಟ್ ಅಂಗಡೀಲಿರುತ್ತೆ. ಸಿಹಿಯೂ ಹಾಗೇ. ಹೊಟ್ಟೆಗೆ ಹೋದ್ರೆ ಕಿಡ್ನಿ ಹಾಳು, ಚಿಕ್ಕ ಮಕ್ಕಳಂತೂ ಉಳಿಯೋದೇ ಕಷ್ಟ. ತಿನ್ನೋದಕ್ಕೆ ಅಂತ ಚೀಟಿ ಇಲ್ಲದ ಸೀಸೆ ಈ ಹೊಸ್ತಿಲು ದಾಟಕೂಡದು."

"ಸರಿ, ಅವ್ವ."

ಸೀಸೆ ಬಂತು. ಚೀಟಿ ಇತ್ತು. ಜಲಜವ್ವ ನೋಡಿ, ಹಾಕಿ, ಬೇಯಿಸಿ, ಕೇಕು ಕಳಿಸಿದಳು. ಪಾತ್ರೆ ತೊಳೆಯುವಾಗ ಹಳೇ ಸೀಸೆ ಕೈಗೆ ಸಿಕ್ಕಿತು. ಬೋಳು ಸೀಸೆ.

"ಇದರ ಚೀಟಿ ಎಲ್ಲೋ?"

"ಹೊಸದಕ್ಕೆ ಅಂಟಿಸಿದೆ. ದಿನಸಿ ಅಂಗಡಿ ಮುಚ್ಚಿತ್ತು. ಪೇಂಟ್ ಅಂಗಡಿ ಸೀಸೇಲಿ ಚೀಟಿನೇ ಇರ್ಲಿಲ್ಲ. ಅದಕ್ಕೇ ಹೊಸ್ತಿಲಾಚೆ ನಿಂತು ಅಂಟಿಸ್ಕೊಂಡು ಬಂದೆ."

ಜಲಜವ್ವ ಸೀಸೆ ಅಲ್ಲೇ ಬಿಟ್ಟು ಅವನನ್ನು ಬಾಗಿಲ ಕಡೆಗೆ ತಳ್ಳಿದಳು.

"ಓಡು ಮಗನೇ. ಒಂದು ಮಗುವಿನ ಬಾಯಿಗೂ ಆ ಕೇಕು ಹೋಗಕೂಡದು."

ಓಡಿದ. ಗೋಡೆ ಹಿಡಿದು ಇವಳೂ ಹೋದಳು. ಪಕ್ಕದ ಮನೆಯಲ್ಲಿ ಹದಿನೆಂಟು ಮಕ್ಕಳು ಸಾಲಾಗಿ ಕೂತಿದ್ದವು. ಒಂದೊಂದರ ಬಾಯಿಗೂ ಕೇಕಿನ ಡಬ್ಬಕ್ಕೆ ಹಚ್ಚುವ ಟೇಪು. ಹುಟ್ಟುಹಬ್ಬದ ಮಗುವಿನ ತಾಯಿ ಚಾಕು ಹಿಡಿದು ಬೆಪ್ಪಾಗಿ ನಿಂತಿದ್ದಳು. ಕೇಕು ಇನ್ನೂ ಕತ್ತರಿಸಿರಲಿಲ್ಲ.

ಜಲಜವ್ವನಿಗೆ ಹೋದ ಉಸಿರು ಬಂತು. ಅಳುವ ಮಕ್ಕಳ ಟೇಪು ಬಿಡಿಸಲು ಕೂತು, ತಿರುಗಿ ನೋಡದೆ ಹೇಳಿದಳು: "ಸಿಂಗಣ್ಣ, ಆ ಕೇಕು ಒಂದು ಚೂರೂ ಉಳೀಬಾರದು ನೋಡು."

"ಸರಿ, ಅವ್ವ."

ಹದಿನೆಂಟನೇ ಟೇಪು ಬಿಡಿಸಿ ತಿರುಗಿದಳು. ತಟ್ಟೆ ಬರಿದು. ಸಿಂಗಣ್ಣನ ಎರಡೂ ಕೆನ್ನೆ ಉಬ್ಬಿದ್ದವು.

"ಅಗೀಬೇಡ ಕಣೋ!"

ಸಿಂಗಣ್ಣ ಅಗಿಯುವುದು ನಿಲ್ಲಿಸಿದ. ಅವ್ವ ಹೇಳಿದ ಮಾತು ಮೀರಿದವನಲ್ಲ.

ಹಾಗೇ ನುಂಗಿದ.