ಶಾಯಿ ಹಿಡಿಯದ ಹಾಳೆ

ಹೊಳೆದಂಡೆಯ ಮಠದಲ್ಲಿ ಆ ತಿಂಗಳು ಪೂಜೆಗಿಂತ ಕಾಗದದ ಗಲಾಟೆಯೇ ಹೆಚ್ಚಾಗಿತ್ತು.

ಸ್ವಾಮಿಗಳಿಗೆ ವಯಸ್ಸಾಗಿತ್ತು, ನಾಲ್ಕು ಮಾತಿಗೇ ಉಸಿರು ಕಟ್ಟುತ್ತಿತ್ತು. ಅವರೊಂದಿಗೆ ಅವರ ಮಾತೂ ಹೋಗಿಬಿಡುತ್ತದೆಂದು ಶಿಷ್ಯ ನಾಗಮಲ್ಲನಿಗೆ ಹೆದರಿಕೆ. ಅದಕ್ಕೇ ಎಲ್ಲವನ್ನೂ ಬರೆದಿಟ್ಟು ಪುಸ್ತಕ ಮಾಡಿಸಲು ಹೊರಟಿದ್ದ.

ಯಾವ ಕಾಗದವೆಂಬುದು ಮಾತ್ರ ತೀರ್ಮಾನವಾಗಲೊಲ್ಲದು. ದಿನಕ್ಕೊಂದು ನಮೂನೆ ತಂದು ತೋರಿಸುತ್ತಿದ್ದ. ಸ್ವಾಮಿಗಳಿಗೆ ತಲೆ ಚಿಟ್ಟು ಹಿಡಿದಿತ್ತು.

“ಸಿಕ್ತು ಬುದ್ಧಿ!” ಎಂದು ಅವತ್ತು ಓಡಿಬಂದ. “ಆರ್ಟ್ ಪೇಪರ್. ಒಂದು ಪುಟ ಅಚ್ಚು ಹಾಕಿಸ್ಕೊಂಡೇ ಬಂದಿದೀನಿ.”

ಹಾಳೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

“ನಿನ್ನೆ ತಂದಿದ್ದಕ್ಕೆ ಏನಾಗಿತ್ತೋ?”

“ಅದು ಮಾಸಲು, ಒರಟು. ಇದರ ಮೇಲೆ ನೀರು ಬಿದ್ರೂ ಒರೆಸ್ಬೋದು ಬುದ್ಧಿ. ನೂರು ವರ್ಷ ಬಾಳುತ್ತೆ.”

ಸ್ವಾಮಿಗಳು ಕನ್ನಡಕ ಸರಿಮಾಡಿಕೊಂಡು ಓದಿದರು. “‘ಕೋಪವನ್ನು ಗೆದ್ದವನು ಎಲ್ಲವನ್ನೂ ಗೆದ್ದ.’ ಇದನ್ನ ನಾನು ಹೇಳಿದ್ನಾ?”

“ಹೂಂ ಬುದ್ಧಿ. ನಾನೇ ಬರ್ಕೊಂಡೆ.”

“ತಪ್ಪು ಹೇಳಿದೀನಿ. ನೀನು ಈ ಕಾಗದ ಹಿಡ್ಕೊಂಡು ಗಂಟುಬೀಳೋಕೆ ಮುಂಚೆ ಹೇಳಿರ್ಬೇಕು. ಪೆನ್ನು ಕೊಡು.”

ಆ ಸಾಲಿನ ಮೇಲೆ ಗೆರೆ ಎಳೆದರು. ಶಾಯಿ ಹಾಳೆಗೆ ಇಳಿಯದೆ ಹನಿ ಹನಿಯಾಗಿ ನಿಂತಿತು. ಕೈ ತಾಗಿದ್ದೇ ತಡ, ಬೆರಳಿಗೆಲ್ಲ ಮೆತ್ತಿಕೊಂಡಿತು. ಬಟ್ಟೆಯಿಂದ ಒರೆಸಿದರೆ ಗೆರೆಯೇ ಇಲ್ಲ. ಮತ್ತೆ ಎಳೆದರು, ಮತ್ತೆ ಅದೇ ಕಥೆ. ತಪ್ಪು ಸಾಲು ಹಾಗೇ ಹೊಳೆಯುತ್ತಿತ್ತು.

“ನೋಡಿದ್ರಾ ಬುದ್ಧಿ! ಅಚ್ಚಿಗೆ ಏನೂ ಆಗ್ಲಿಲ್ಲ!” ನಾಗಮಲ್ಲ ಬೀಗಿದ.

“ಅಯ್ಯೋ ಶಿವನೇ! ನನ್ನ ತಪ್ಪೂ ನೂರು ವರ್ಷ ಬಾಳ್ಬೇಕೇನೋ?”

ಹಾಳೆಯನ್ನು ಅತ್ತ ಎಸೆದು, ನಿನ್ನೆಯ ಒರಟು ಕಾಗದವನ್ನು ಎಳೆದುಕೊಂಡು ಗೆರೆ ಹಾಕಿದರು. ಶಾಯಿ ಹಿಡಿಯಿತು.

“ಇದ್ರಲ್ಲೇ ಹಾಕ್ಸು. ಸುತ್ತ ಅಂಚು ಅಗಲವಾಗಿ ಬಿಡ್ಸು.”

ನಾಗಮಲ್ಲನ ತಾಳ್ಮೆಯೂ ಮುಗಿಯಿತು. ಅವನ ಕಣ್ಣು ತುಂಬಿತ್ತು.

“ಓದಿದೋರೆಲ್ಲ ಗೀಚ್ತಾರೆ ಬುದ್ಧಿ! ಹೊಡೆದುಹಾಕ್ತಾರೆ, ತಿದ್ತಾರೆ. ಆಮೇಲೆ ನಿಮ್ದು ಅಂತ ಏನು ಉಳಿಯುತ್ತೆ?”

ಸ್ವಾಮಿಗಳು ಬೆರಳಿನ ಶಾಯಿಯನ್ನು ಅವನ ಹೆಗಲ ಬಟ್ಟೆಗೇ ಒರೆಸಿದರು.

“ತಿದ್ದಿದವನು ಉಳೀತಾನಲ್ಲೋ.”