ಪಾಸಾದ ಗಿರಗಿಟ್ಲೆ

ಏಳನೇ ತರಗತಿಯವರ ಸಮಮಿತಿ ಪಾಠಕ್ಕೆಂದು ಮೇಜಿನ ಮೇಲೆ ಇಟ್ಟಿದ್ದ ಕನ್ನಡಿ, ಮಕ್ಕಳು ಊಟಕ್ಕೆ ಹೋದದ್ದೇ ತಡ, ತಾನೇ ಪರೀಕ್ಷಕರ ಗತ್ತಿನಲ್ಲಿ ಕೂತಿತು. ಪಾಠಕ್ಕೆ ತಂದಿದ್ದ ವಸ್ತುಗಳು ಒಂದೊಂದಾಗಿ ಬಂದಂತೆ ಅವುಗಳ ನಟ್ಟನಡುವೆ ನಿಂತು ಅರ್ಧ ಮೈಯನ್ನು ತನ್ನೊಳಗೆ ತೋರಿಸುತ್ತಿತ್ತು. ತೋರಿದ್ದು ಉಳಿದರ್ಧಕ್ಕೆ ಹೊಂದಿದರೆ ಪಾಸು. ಅರಳಿ ಎಲೆ ಪಾಸಾಯಿತು. ನಂದಿಬಟ್ಟಲು ಹೂವಿನ ಸರದಿ ಬಂತು.

“ಸೊಟ್ಟ,” ಎಂದಿತು ಕನ್ನಡಿ. “ಎಸಳೆಲ್ಲ ಒಂದೇ ಕಡೆಗೆ ವಾಲಿವೆ. ಫೇಲು.”

ಹೂವಿಗೆ ಮೈಯೆಲ್ಲ ಉರಿಯಿತು. “ವಾಲಿದ್ದರೆ ಐದೂ ಒಂದೇ ಸಮ ವಾಲಿವೆ. ನನ್ನ ನಡುವಿಗೊಂದು ಗುಂಡುಸೂಜಿ ಚುಚ್ಚಿ, ಒಂದು ಎಸಳಿನಷ್ಟು ತಿರುಗಿಸಿ ನೋಡಿ. ತಿರುಗಿಸಿದ್ದೇ ಗೊತ್ತಾಗದಷ್ಟು ಸರಿಯಾಗಿ ಕೂರುತ್ತೇನೆ!”

“ತಿರುಗಿಸುವುದು ನನ್ನ ಕೆಲಸವಲ್ಲ.”

“ಅಲ್ಲವೇ? ಬಲಕ್ಕೆ ವಾಲಿದ ನನ್ನ ಎಸಳನ್ನು ಎಡಕ್ಕೆ ವಾಲಿಸಿ ತೋರಿಸಿದವರು ಯಾರು? ಉಲ್ಟಾ ಮಾಡಿದ್ದು ನೀವು, ಸೊಟ್ಟ ಅನ್ನಿಸಿಕೊಳ್ಳಬೇಕಾದ್ದು ನಾನೇ?”

“ಮುಂದಿನವರು ಬನ್ನಿ,” ಎಂದಿತು ಕನ್ನಡಿ.

ಮುಂದೆ ಇದ್ದದ್ದು ಕಾಗದದ ಗಿರಗಿಟ್ಲೆ. ಹೂವಿನ ಗತಿ ನೋಡಿ ಹೆದರಿದ್ದ ಅದು, ತನ್ನ ನಾಲ್ಕು ರೆಕ್ಕೆಗಳಲ್ಲಿ ಎರಡನ್ನು ಆಗಲೇ ಎದುರು ದಿಕ್ಕಿಗೆ ಮಡಚಿಕೊಂಡಿತ್ತು. ಕನ್ನಡಿ ನಡುವೆ ನಿಂತು ನೋಡಿತು. ಎರಡೂ ಅರ್ಧಗಳು ಒಂದಕ್ಕೊಂದು ಹೊಂದಿದವು.

“ಭೇಷ್! ಇದ್ದರೆ ಹೀಗಿರಬೇಕು.”

ಊಟ ಮುಗಿಸಿ ಬಂದ ಮಕ್ಕಳು ಗಿರಗಿಟ್ಲೆಯನ್ನು ಕಿಟಕಿಯ ಗಾಳಿಗೆ ಹಿಡಿದರು. ಬಾಯಿಂದ ಊದಿದರು. ಕೈಯಲ್ಲಿ ಹಿಡಿದುಕೊಂಡು ಮೈದಾನದ ತುಂಬ ಓಡಿಯೂ ನೋಡಿದರು.

ಅದು ತಿರುಗಲಿಲ್ಲ.