ಎಳೆ ಜೋಳಕ್ಕೆ ಅಡ್ಡ ಕುಳಿತ ಅಜ್ಜನವರು

ಹಿರೇಹಳ್ಳದ ದಂಡೆಯಲ್ಲಿದ್ದ ರಾಚಯ್ಯಜ್ಜನವರ ಮಠಕ್ಕೆ ಹೆಬ್ಬಾಗಿಲಿರಲಿಲ್ಲ, ಬೆಳ್ಳಿಯ ಪಲ್ಲಕ್ಕಿಯೂ ಇರಲಿಲ್ಲ. ಒಂದು ದನದ ಕೊಟ್ಟಿಗೆ, ಅದರ ಮೂಲೆಯಲ್ಲಿ ಒಂದು ಗದ್ದಿಗೆ, ಅಷ್ಟೇ. ಹಾಲು ಬತ್ತಿತೆಂದು ಉಳ್ಳವರು ಕೈಬಿಟ್ಟ ಮುದಿ ಆಕಳುಗಳನ್ನು ಪೂಜ್ಯರು ಅಲ್ಲಿ ಸಾಕುತ್ತಿದ್ದರು. ಅವುಗಳ ಮೇವಿಗಾಗಿ ಮಠದ ಹಿಂದಿನ ತುಂಡು ಹೊಲದಲ್ಲಿ ತಾವೇ ಕೂರಿಗೆ ಹಿಡಿದು ಎರಡು ಸಾಲು ಜೋಳ, ನಡುವೆ ಒಂದು ಸಾಲು ಅಲಸಂದೆ ಬಿತ್ತುತ್ತಿದ್ದರು.

ಪಕ್ಕದ ಹೊಲ ಚನ್ನವೀರನದು. ಇಬ್ಬರಿಗೂ ಒಂದೇ ಬಾವಿ. ಒಂದು ದಿನ ಮಠದ ಪಾಳಿ, ಮರುದಿನ ಅವನದು. ಚನ್ನವೀರನಿಗೆ ಕಾವಿಯೆಂದರೆ ಆಗದು. "ಶಿವನ ಜಡಿಯಾಗ ಗಂಗವ್ವ ಅದಾಳಲ್ಲ, ಅಲ್ಲಿಂದ ಹರಿಸಿಕೊಳ್ಳಲಿ. ಬಾವಿ ಯಾಕ ಬೇಕು" ಎಂದು ನಾಲ್ಕು ಜನರೆದುರು ಆಡಿಕೊಳ್ಳುತ್ತಿದ್ದ. ಅವನ ಸಿಟ್ಟು ಪೂರಾ ಸುಳ್ಳೆಂದು ಹೇಳಲಾರೆವು. ಬೆವರು ಹರಿಸದೆ ಉಣ್ಣುವ ಪೀಠಗಳು ನಾಡಿನಲ್ಲಿ ಬೇಕಾದಷ್ಟಿವೆ. ಅವನು ಬೆರಳು ತೋರಿಸಿದ ಮಠ ಮಾತ್ರ ತಪ್ಪಾಗಿತ್ತು. ಜೋಳದೊಳಗೆ ಅಲಸಂದೆ ಕಂಡು, ಇದ್ದ ಬೊಗಸೆ ನೀರಿಗೆ ಅಜ್ಜ ಇನ್ನೊಬ್ಬ ಪಾಲುದಾರನನ್ನು ಹುಟ್ಟಿಸಿದ್ದಾರೆ ಎಂದು ನಕ್ಕು, ತಾನು ಬರೀ ಜೋಳವನ್ನೇ ದಟ್ಟವಾಗಿ ಚೆಲ್ಲಿದ.

ಚೈತ್ರದಲ್ಲಿ ಬಾವಿ ತಳ ಕಂಡಿತು. ಅಲಸಂದೆಯ ಬಳ್ಳಿ ನೆಲ ಮುಚ್ಚಿ ತಂಪು ಹಿಡಿದದ್ದರಿಂದ ಅಜ್ಜನವರ ಜೋಳ ಹೇಗೋ ತೆನೆ ಬಿಟ್ಟಿತು. ಚನ್ನವೀರನದು ಮೊಣಕಾಲೆತ್ತರಕ್ಕೆ ಮುರುಟಿ ನಿಂತಿತು. ಹಾಗೆ ಮುರುಟಿದ ಎಳೆ ಜೋಳ ದನಕ್ಕೆ ವಿಷ. ಆ ಸೀಮೆಯಲ್ಲಿ ಅದನ್ನು ಅರಿಯದವರಿಲ್ಲ. ಆದರೆ ಒಂದು ನೀರು ಕೊಟ್ಟರೆ ವಿಷ ತೊಳೆದುಹೋಗುತ್ತದೆ ಎಂಬ ಮಾತೂ ಅಲ್ಲಿ ಓಡಾಡುತ್ತಿತ್ತು. ಅವನ ಬಣವೆ ಮುಗಿದಿತ್ತು. ಆಗಷ್ಟೇ ಈದ ಆಕಳು ಗೌರಿ ಬರಿದಾದ ಗೋದಲಿ ನೆಕ್ಕುತ್ತಿತ್ತು. ಕೆಚ್ಚಲಿಗೆ ಬಾಯಿಟ್ಟ ಕರು ಹಾಲು ಸಿಗದೆ ಒದರುತ್ತಿತ್ತು.

ತನ್ನ ಪಾಳಿಯ ನೀರು ಸಾಲದೆ, ಅಜ್ಜನವರು ಲಿಂಗಪೂಜೆಗೆ ಕುಳಿತ ಹೊತ್ತು ನೋಡಿ, ಮಠದ ಪಾಳಿಯ ದಿನವೇ ಚನ್ನವೀರ ಕಾಲುವೆ ಒಡೆದು ನೀರನ್ನು ತನ್ನ ಹೊಲಕ್ಕೆ ತಿರುವಿಕೊಂಡ. ಕೆಲವೇ ದಿನಗಳಲ್ಲಿ ಜೋಳ ಹಸಿರು ಸುಳಿ ಬಿಟ್ಟಿತು. ಕುಡುಗೋಲು ಹಿಡಿದು ಹೋದರೆ, ಬದುವಿನ ಮೇಲೆ ಅಜ್ಜನವರು ಅಡ್ಡ ಕುಳಿತಿದ್ದರು. ಕದ್ದ ನೀರಿನ ಜಗಳಕ್ಕೆ ಬಂದರೆಂದು ಅವನು ಮೊದಲೇ ಸಿಡಿದ. ಶಾಪ ಕೊಡುವುದಿದ್ದರೆ ಕೊಡಿರಿ, ಆಕಳು ಉಪವಾಸ ಸಾಯುವುದನ್ನು ನಾನು ನೋಡಲಾರೆ ಎಂದ.

"ನೀರು ಹೋಗ್ಲಿ ಬಿಡೋ ತಮ್ಮಾ, ಅದಕ್ಕ ಬಂದಿಲ್ಲ" ಎಂದರು ಪೂಜ್ಯರು. "ಬಾಡಿದ ಜೋಳ ನೀರು ಕುಡಿದ ಮ್ಯಾಲೆ ಬಿಡೋ ಸುಳಿ ಮೊದಲಿನದಕ್ಕಿಂತ ಕೆಟ್ಟದ್ದು. ಗೌರಿಗೆ ಹಾಕಬ್ಯಾಡ. ಎಲ್ಲಿ ನಾ ಬರೋದ್ರೊಳಗ ಕೊಯ್ದು ಒಯ್ದೀಯೋ ಅಂತ ನಸುಕಿನಿಂದ ಕುಂತೀನಿ."

"ಮತ್ತ ಏನ್ ಹಾಕ್ಲಿ?" ಚನ್ನವೀರನ ದನಿಯಲ್ಲಿ ಇನ್ನೂ ಮುಳ್ಳಿತ್ತು.

ಅಜ್ಜನವರು ಅವನ ಕೈಯ ಕುಡುಗೋಲು ಇಸಿದುಕೊಂಡು ತಮ್ಮ ಹೊಲಕ್ಕಿಳಿದರು. ತೆನೆ ಬಿಟ್ಟ ಜೋಳವನ್ನೂ ಅದನ್ನು ತಬ್ಬಿದ ಅಲಸಂದೆಯ ಬಳ್ಳಿಯನ್ನೂ ಒಟ್ಟಿಗೇ ಕೊಯ್ದು ಹೊರೆ ಕಟ್ಟತೊಡಗಿದರು. ಮಠದ ಆಕಳುಗಳಿಗೇ ಸಾಲದ ಮೇವು ಅದು. ಚನ್ನವೀರನಿಗೂ ಅದು ಗೊತ್ತಿತ್ತು.

"ಬರೀ ಜೋಳ ಹೊಟ್ಟಿ ತುಂಬಸ್ತದ, ಹಾಲು ಇಳಿಯೂದು ಅಲಸಂದಿಗೆ. ಈದಾಕಿಗೆ ಎರಡೂ ಬೇಕು. ನಿನ್ನ ಜೋಳ ತೆನಿ ಬಿಡೂತನಕ ದಿನಾ ಬಂದು ಒಯ್ಯಿ."

ಯಾರ ಕಾಲಿಗೂ ಬಾಗದ ಚನ್ನವೀರ ಆ ಸಾಲಿನ ನಡುವೆಯೇ ಕುಸಿದು ಪೂಜ್ಯರ ಪಾದ ಹಿಡಿದ. ಅಜ್ಜನವರು ಗಾಬರಿಯಾಗಿ ಕಾಲು ಎಳೆದುಕೊಂಡರು.

"ಏಳೋ ಹುಚ್ಚಪ್ಪ, ಮೊಣಕಾಲಿಲೆ ಅಲಸಂದಿ ಜಜ್ಜಲಿಕ್ಕತ್ತೀ."

ಅವನು ಅಳುತ್ತಲೇ ನಕ್ಕು ಎದ್ದ. ಮೊದಲ ಹೊರೆಯನ್ನು ಹೊತ್ತವನು ಮನೆಯ ಕಡೆ ತಿರುಗಲಿಲ್ಲ. ಮಠದ ಕೊಟ್ಟಿಗೆಗೆ ಹೋಗಿ, ಹಲ್ಲು ಸವೆದ ಮುದಿ ಆಕಳೊಂದರ ಮುಂದೆ ಕುಳಿತು ದಂಟನ್ನು ಸಣ್ಣಗೆ ತುಂಡರಿಸಿ ತಿನ್ನಿಸಿದ. ಗೌರಿಯ ಹೊರೆಗೆಂದು ಮರಳಿದಾಗ ಅಜ್ಜನವರು ಬಿಸಿಲಿನಲ್ಲಿ ಬಾಗಿ ಇನ್ನೂ ಕೊಯ್ಯುತ್ತಿದ್ದರು. ಅವನು ಮೆಲ್ಲಗೆ ಅವರ ಕೈಯಿಂದ ಕುಡುಗೋಲು ತೆಗೆದುಕೊಂಡ.

"ಎಪ್ಪಾ, ನೀವು ನೆರಳಿಗೆ ಕೂಡ್ರಿ" ಎಂದ.